ಊರು, ಕೇರಿ ಮತ್ತು 'ಮಾಸ್ಟರ್'

'ಹೆಸರಿನ್ಯಾಗ ಏನೈತಿ' ಅಂತ ನಕ್ಕವರೇ ಬಹಳ. 2020ರ ಮೇ ತಿಂಗಳಲ್ಲಿ ಅಮೆರಿಕದ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್‌ರನ್ನು ಕೊಂದ ಮೇಲೆ, ಕಂಪ್ಯೂಟರ್ ಪ್ರೋಗ್ರಾಮುಗಳ ತಿದ್ದುಪಡಿ ಕಾಪಿಡುವ 'ಗಿಟ್'ನ ಮೂಲ ಕವಲಿಗಿದ್ದ 'ಮಾಸ್ಟರ್' ಎಂಬ ಹೆಸರು ಗುಲಾಮಗಿರಿಯನ್ನು ನೆನಪಿಸುತ್ತದೆಂಬ ತಕರಾರು ಜೋರಾಯಿತು. ಅಕ್ಟೋಬರಿನಿಂದ ಗಿಟ್‌ಹಬ್ ಕಂಪನಿ ಹೊಸದಕ್ಕೆಲ್ಲ 'ಮೇನ್', ಅಂದರೆ ಮುಖ್ಯ, ಎಂದಿಟ್ಟಿತು. ಸರಿಯೇ, ಅಂಬೇಡ್ಕರ್ 'ಹರಿಜನ'ವನ್ನು ಯಾಕೆ ಒಪ್ಪಲಿಲ್ಲವೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಹೆಸರು ಹೋದರೂ ಜಾಗ ಉಳಿಯಿತಲ್ಲ. ರಾರಾವಿಯಂಥ ನಮ್ಮ ಹಳ್ಳಿಗಳಲ್ಲಿ ಕೇರಿಯವರು 'ಊರಾಗ ಹೋಗಿ ಬರ್ತೀವಿ' ಅಂತಾರೆ. ಕೇರಿ ಊರಲ್ಲವೇನು? ಮೇಲ್ಜಾತಿಯವರಿರೋದು ಬರೀ 'ಊರು'. ಗುರುತಿನ ಹೆಸರು ಕೇರಿಗೆ ಮಾತ್ರ. ಅಂಬೇಡ್ಕರ್ ನಗರ ಅಂತ ಬೋರ್ಡು ಬಂದರೂ ಊರು ಊರಾಗೇ ಉಳೀತು. ಗಿಟ್‌ನಲ್ಲಾದರೋ ಯಾವ ಕವಲನ್ನಾದರೂ ಮೂಲ ಮಾಡಿಕೊಳ್ಳಬಹುದು, ಒಂದು ಸೂಚನೆ ಸಾಕು. ಊರ ಮುಂದಿನ ಕಟ್ಟೆಯಲ್ಲಿ ಆ ಮಾತಿನ್ನೂ ಎದ್ದಿಲ್ಲ.