ಪಾಲಿಗೆ ಸಾಕಿದ ಹಸು

ನಮ್ಮೂರಲ್ಲಿ ಹಸು ಪಾಲಿಗೆ ಸಾಕೋ ಪದ್ಧತಿ ಇತ್ತು. ಹಸು ದೊಡ್ಡಮನೆಯವರದು; ಹುಲ್ಲು ತರೋದು, ಸಗಣಿ ಬಾಚೋದು, ಬೆಳಗಿನ ಜಾವ ಏಳೋದು ನಮ್ಮ ಪಾಲು. ಹಾಲು ನಮಗೆ, ಕರು ಹಾಕಿದರೆ ಅದರಲ್ಲಿ ಅವರಿಗೆ ಅರ್ಧ. ಅವ್ವ ಹಾಗೆ ಒಂದು ಹಸುವನ್ನ ಐದು ವರ್ಷ ಸಾಕಿದ್ಲು. ಕೆಲ್ಲಿ ರೈಕಾರ್ಟ್ ನಿರ್ದೇಶನದ 'ಫಸ್ಟ್ ಕೌ' (2019) ನೋಡುವಾಗ ಆ ಹಸು ತಲೆಯಿಂದ ಹೋಗಲೇ ಇಲ್ಲ.

ಕಥೆ ನಡೆಯೋದು 1820ರ ದಶಕದ ಒರೆಗಾನ್‌ನಲ್ಲಿ, ಕೊಲಂಬಿಯಾ ನದಿಯ ಸೀಮೆಯಲ್ಲಿ. ಊರು ಅನ್ನೋಕೂ ಆಗಲ್ಲ. ಒಂದು ಕೋಟೆ, ಒಂದಷ್ಟು ಗುಡಿಸಲು, ಉಳಿದದ್ದೆಲ್ಲ ಕೆಸರು. ಬೀವರ್ ಅನ್ನೋ ಪ್ರಾಣಿಯ ತುಪ್ಪಳ ಇಲ್ಲಿಂದ ಹಡಗು ಹತ್ತಿ ಯುರೋಪಿನಲ್ಲಿ ಟೋಪಿಯಾಗುತ್ತೆ. ಅಲ್ಲಿಗೆ ಮೊದಲ ಹಸು ಬರುತ್ತೆ, ತೆಪ್ಪದ ಮೇಲೆ ನಿಂತು, ನದಿಯಲ್ಲಿ. ಜೊತೆಗೆ ಹೊರಟಿದ್ದ ಹೋರಿ, ಕರು ದಾರಿಯಲ್ಲೇ ಸತ್ತಿವೆ. ಹಸುವನ್ನ ತರಿಸಿದ್ದು ಚೀಫ್ ಫ್ಯಾಕ್ಟರ್, ಅಂದ್ರೆ ಅಲ್ಲಿನ ವ್ಯಾಪಾರ ಕಂಪನಿಯ ಮುಖ್ಯಸ್ಥ. ಯಾಕೆ? ಅವನ ಚಹಾಕ್ಕೆ ಹಾಲು ಬೇಕಿತ್ತು.

ಅಡುಗೆಯ ಕುಕಿ, ಚೀನಾದಿಂದ ಬಂದ ಕಿಂಗ್-ಲೂ, ಇಬ್ಬರೂ ಸ್ನೇಹಿತರು. ರಾತ್ರಿ ಒಬ್ಬ ಮರ ಹತ್ತಿ ಕಾವಲು ಕೂರ್ತಾನೆ, ಇನ್ನೊಬ್ಬ ಕದ್ದು ಹಾಲು ಕರೀತಾನೆ. ಬೆಳಿಗ್ಗೆ ಆ ಹಾಲಿನಲ್ಲಿ ಹಿಟ್ಟು ಕಲಸಿ, ಎಣ್ಣೆಯಲ್ಲಿ ಕರಿದು, ಜೇನು ಹಾಕಿ ಮಾರ್ತಾರೆ. ಸಾಲು ಬೆಳೆಯುತ್ತೆ, ರೇಟು ಏರುತ್ತೆ. ಮನೆಯಿಂದ ಸಾವಿರಾರು ಮೈಲಿ ದೂರ ಬಂದವನಿಗೆ ಬಾಲ್ಯದ ರುಚಿ ಸಿಕ್ಕರೆ ಅವನು ಚೌಕಾಶಿ ಮಾಡಲ್ಲ. ಬೆಂಗಳೂರಿನ ಪಿಜಿಯಲ್ಲಿ ಕೂತು ಊರಿನ ರೊಟ್ಟಿ-ಚಟ್ನಿಪುಡಿ ಆರ್ಡರ್ ಮಾಡೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಸ್ಟಾರ್ಟಪ್ ಕಥೆಗಳನ್ನ ನಾನು ಬೇಕಾದಷ್ಟು ಓದಿದ್ದೀನಿ. ಬಂಡವಾಳ ಎಲ್ಲಿಂದ ಬಂತು ಅನ್ನೋ ಪ್ರಶ್ನೆಯನ್ನ ಇಷ್ಟು ನೇರವಾಗಿ ಕೇಳಿದ್ದು ಕಮ್ಮಿ. ಬಡವನಿಗೆ ಶುರು ಮಾಡೋಕೆ ದಾರಿಯೇ ಇಲ್ಲ. ಇದ್ದರೆ ಪವಾಡ, ಇಲ್ಲ ಕಳ್ಳತನ. ಚೀಫ್ ಫ್ಯಾಕ್ಟರ್‌ನ ಮನೆಯ ದೃಶ್ಯ ಇನ್ನೂ ಖಾರವಾಗಿದೆ. ತಿರುಗಿಬಿದ್ದ ಕೆಲಸಗಾರನಿಗೆ ಎಷ್ಟು ಕಠಿಣ ಶಿಕ್ಷೆ ಕೊಟ್ಟರೆ ಉಳಿದವರಿಂದ ಎಷ್ಟು ದುಡಿಮೆ ಹೊರಡುತ್ತೆ ಅಂತ ಅವನು ಚಹಾ ಹೀರುತ್ತಾ ಲೆಕ್ಕ ಹಾಕ್ತಾನೆ. ಅಪ್ರೈಸಲ್ ಮೀಟಿಂಗಲ್ಲಿ ಕೂತವರಿಗೆ ಆ ದನಿ ಹೊಸದಲ್ಲ.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೂ ನನ್ನದೊಂದು ತಕರಾರಿದೆ. ಸಿನಿಮಾದಲ್ಲಿ ಕಂಪನಿ ಅಂದ್ರೆ ಒಬ್ಬ ದುರಹಂಕಾರಿ ಸಾಹೇಬ ಮಾತ್ರ. ನಿಜವಾದ ಕಂಪನಿ ಅದಕ್ಕಿಂತ ಜಾಣ. 1825ರಿಂದ ಹಡ್ಸನ್ಸ್ ಬೇ ಕಂಪನಿ ಅದೇ ನದಿಯ ದಂಡೆಯ ಫೋರ್ಟ್ ವ್ಯಾಂಕೂವರ್‌ನಿಂದ ವ್ಯಾಪಾರ ನಡೆಸಿತು. ಸರಕು ಲಂಡನ್ನಿನಿಂದ ಸಮುದ್ರದ ಮೇಲೆ ಬರುತ್ತಿತ್ತು. ಲೆಕ್ಕಪತ್ರ, ಕಾಗದಗಳು ಮಾತ್ರ ಪ್ರತಿವರ್ಷ ದೋಣಿ, ಕುದುರೆ, ಕಾಲ್ನಡಿಗೆ ಸೇರಿಸಿಕೊಂಡು ಖಂಡ ದಾಟಿ ಹಡ್ಸನ್ ಕೊಲ್ಲಿಗೆ ಹೋಗುತ್ತಿದ್ದವು, 4,000 ಕಿಲೋಮೀಟರಿಗೂ ಹೆಚ್ಚು. ನಮ್ಮ ಭಾಷೆಯಲ್ಲಿ, ಮಾಲಿಗೊಂದು ಲೈನು, ಡೇಟಾಗೆ ಬೇರೆ ಲೈನು.

ಅಲ್ಲಿನ ಚೀಫ್ ಫ್ಯಾಕ್ಟರ್ ಜಾನ್ ಮೆಕ್‌ಲಾಫ್ಲಿನ್, ಪಕ್ಕದ ವಿಲಾಮೆಟ್ ಕಣಿವೆಯಲ್ಲಿ ನೆಲೆಸಿದ ರೈತರಿಗೆ ಹಸು ಮಾರಲಿಲ್ಲ, ಎರವಲು ಕೊಟ್ಟ. ಹಾಲು ನಿಮ್ಮದು, ಹಸು ಕಂಪನಿಯದು, ಹುಟ್ಟೋ ಕರುವೂ ಕಂಪನಿಯದೇ. ಇದನ್ನ ಓದಿದಾಗ ನಾನು ಗಕ್ಕನೆ ಎದ್ದು ಕೂತೆ. ನಮ್ಮ ದೊಡ್ಡಮನೆಯವರಾದರೂ ಅರ್ಧ ಬಿಟ್ಟಿದ್ರು!

ಈ ಹಿಡಿತ ಸಡಿಲವಾಗಿದ್ದು ರಾತ್ರಿ ಹಾಲು ಕದ್ದಿದ್ದರಿಂದ ಅಲ್ಲ. 1837ರಲ್ಲಿ ಆ ರೈತರು ದುಡ್ಡು ಸೇರಿಸಿ ವಿಲಾಮೆಟ್ ಕ್ಯಾಟಲ್ ಕಂಪನಿ ಕಟ್ಟಿದರು. ಹಡಗಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ದನ ಕೊಂಡರು. ಇವಿಂಗ್ ಯಂಗ್ ಮುಂದಾಳಾಗಿ 600ಕ್ಕೂ ಹೆಚ್ಚು ದನಗಳನ್ನ ಬೆಟ್ಟ, ಹೊಳೆ ದಾಟಿಸಿ ನೆಲದ ದಾರಿಯಲ್ಲೇ ಹೊಡೆದುಕೊಂಡು ಬಂದರು. ತಮಾಷೆ ಅಂದ್ರೆ ಮೆಕ್‌ಲಾಫ್ಲಿನ್ ಕೂಡ ಅದರಲ್ಲಿ ದುಡ್ಡು ಹಾಕಿದ್ದ. ಇದು ಹಾಗಂತ ಬರೀ ಸಿಹಿ ಕಥೆಯಲ್ಲ. ಆ ದನ ಮೇಯ್ದ ನೆಲ ಮೂಲನಿವಾಸಿಗಳದು, ಮತ್ತು 1830ರ ನಂತರದ ಜ್ವರಗಳಲ್ಲಿ ಅವರು ಹಳ್ಳಿಹಳ್ಳಿಯೇ ಖಾಲಿಯಾಗುವಂತೆ ಸತ್ತಿದ್ದರು.

ನದಿ ಒಂದು ಹಸು ತಂದಿತು, ಒಬ್ಬ ಸಾಹೇಬನಿಗೆ. ನೆಲದ ದಾರಿ ಮಂದೆಯನ್ನೇ ತಂದಿತು, ಊರಿಗೆ. ನೆಲದ ದಾರಿಯ ಪಾಡು ರೈಕಾರ್ಟ್‌ಗೆ ಗೊತ್ತಿಲ್ಲದ್ದೇನಲ್ಲ. 'ಮೀಕ್ಸ್ ಕಟಾಫ್' (2010) ಪೂರ್ತಿ ಅದರದೇ ಸಿನಿಮಾ. ಆದರೆ ಇಲ್ಲಿ ಅವರಿಗೆ ಬೇಕಿದ್ದದ್ದು ಇಬ್ಬರ ಸ್ನೇಹ. ಅದನ್ನ ಎಷ್ಟು ಚೆನ್ನಾಗಿ ತೋರಿಸ್ತಾರೆ ಅಂದ್ರೆ, ಇಬ್ಬರೇ ಇದ್ದದ್ದಕ್ಕೇ ಸೋತರು ಅನ್ನೋದು ನಮಗೆ ಹೊಳೆಯೋದೇ ಇಲ್ಲ. ಇನ್ನೂ ಇಪ್ಪತ್ತು ಜನ ಸೇರಿದ್ದರೆ ಏನಾಗುತ್ತಿತ್ತು ಅಂತ ಸಿನಿಮಾ ಕೇಳಲ್ಲ. ಊರಿನ ಹಾಲಿನ ಸೊಸೈಟಿಯಿಂದ ಸಾಲ ಸಿಕ್ಕಿ ಅವ್ವ ಸ್ವಂತ ಹಸು ಕಟ್ಟಿದ್ದನ್ನ ನೋಡಿದ ನಾನು ಕೇಳದೆ ಇರೋಕೆ ಆಗಲ್ಲ.

ಭಾನುವಾರ ಫೋನಲ್ಲಿ ಅವ್ವನಿಗೆ ಕಥೆ ಹೇಳಿದೆ. ಗೆಳೆಯರ ಬಗ್ಗೆ ಅವಳು ಕೇಳಲಿಲ್ಲ. "ಆ ಹಸು ಏನಾಯ್ತೋ?" ಅಂದ್ಲು.

"ಬೇಲಿ ಹಾಕಿಸಿದ ಕಣವ್ವ."

"ಹಾಕಿಸ್ದೆ ಇರ್ತಾನಾ," ಅಂದು, ಕರೆಯೋ ಹೊತ್ತಾಯ್ತು ಅಂತ ಫೋನ್ ಇಟ್ಟಳು.