‘ನಾಗಮಂಡಲ’ದಲ್ಲಿ ಅಪ್ಪಣ್ಣನ ಕೋಪ

ಗಿರೀಶ ಕಾರ್ನಾಡರ ‘ನಾಗಮಂಡಲ’ವು (1988) ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿದ ನಾಟಕ. ಇದರ ಅಪ್ಪಣ್ಣನನ್ನು ಕೇವಲ ಕ್ರೂರನೆಂದು ತೀರ್ಮಾನಿಸಿ ರಾಣಿಯ ಕಡೆಗೆ ತಿರುಗಿಬಿಡುವುದು ಸುಲಭ. ಆದರೆ ಅವನ ಕೋಪದ ಮೂಲವೇನೆಂಬುದು ವಿಚಾರಾರ್ಹವಾಗಿದೆ.

ಕ್ರೋಧವು ರೌದ್ರರಸದ ಸ್ಥಾಯಿ. ಶಂಕೆಯಾದರೋ ಬಂದುಹೋಗುವ ಸಂಚಾರಿಭಾವ. ಅಪ್ಪಣ್ಣನಲ್ಲಿ ಈ ಕ್ರಮವು ತಲೆಕೆಳಗಾಗಿದೆ. ನೆಲೆನಿಂತಿರುವುದು ಶಂಕೆ, ಕೋಪವು ಅದರ ಮುಸುಕು. ಕೈಹಿಡಿದವಳನ್ನು ಮುಟ್ಟದೆ ವೇಶ್ಯೆಯ ಮನೆಗೆ ಹೋಗುವವನು ಹೊರಡುವಾಗ ಬಾಗಿಲಿಗೆ ಬೀಗವನ್ನಿಕ್ಕುತ್ತಾನೆ. ಬೇಡವಾದವಳಿಗೆ ಬೀಗವೇಕೆ? ಅದೂ ಸಾಲದೆ ನಾಯಿಯನ್ನು ತರುತ್ತಾನೆ. ಅದು ಸತ್ತರೆ ಮುಂಗುಸಿಯನ್ನು ತರುತ್ತಾನೆ. ಕಾವಲು ಬೆಳೆದಷ್ಟೂ ಅಂಜಿಕೆಯೇ ಬಯಲಾಗುತ್ತದೆ. ಅವನ ಮಾತುಗಳು ಬಹುಮಟ್ಟಿಗೆ ಅಪ್ಪಣೆಗಳೇ. ಪ್ರಶ್ನೆಗೆ ಎಡೆಯಿತ್ತರೆ ಉತ್ತರ ಹೇಳಬೇಕಾದೀತು. ಅದೇ ಮುಖವನ್ನು ತಳೆದು ಇರುಳಿನಲ್ಲಿ ಬರುವ ನಾಗನೋ ಆಕೆಯ ಮಾತಿಗೆ ಕಿವಿಗೊಡುತ್ತಾನೆ. ಎರಡು ಪಾತ್ರಗಳನ್ನೂ ಒಬ್ಬನೇ ನಟನು ವಹಿಸುವುದು ಬರಿಯ ರಂಗಸೌಕರ್ಯಕ್ಕಾಗಿ ಅಲ್ಲ.

ರಾಣಿ ಗರ್ಭಿಣಿಯೆಂದು ತಿಳಿದಾಗ ಅವನ ಕೋಪವು ಮೊದಲ ಬಾರಿಗೆ ಸಕಾರಣವಾಗುತ್ತದೆ: ತಾನು ಅವಳನ್ನು ಮುಟ್ಟಿಲ್ಲವೆಂಬುದು ನಿಜ. ಆದರೆ ಪಂಚಾಯತಿಯ ಮುಂದೆ ಆಕೆ ನಾಗರಹಾವನ್ನು ಹಿಡಿದು, ದಿವ್ಯದಲ್ಲಿ ಗೆದ್ದು, ದೇವತೆಯೆನಿಸುತ್ತಾಳೆ. ಅವನ ಸತ್ಯವು ಅವನಿಗೇ ನಿರುಪಯುಕ್ತವಾಗುತ್ತದೆ. ಊರಿನವರೊಡನೆ ಅವನೂ ಆಕೆಯ ಕಾಲಿಗೆ ಬೀಳುತ್ತಾನೆ. ಬಳಿಕ ತನ್ನೊಳಗೆ ಕೇಳಿಕೊಳ್ಳುವ ಪ್ರಶ್ನೆಗಳಲ್ಲಿ ರೋಷಕ್ಕಿಂತ ದಿಗ್ಭ್ರಮೆಯೇ ಹೆಚ್ಚು. ಪಾತ್ರದ ಒಳಮನೆಯ ಬೀಗವು ತೆರೆಯುವುದು ಇಲ್ಲಿ. ನಾಟಕಕಾರರು ಇದಕ್ಕೆ ಇನ್ನಷ್ಟು ಅವಕಾಶವನ್ನು ಕೊಡಬಹುದಾಗಿತ್ತು.