ಸಿಸಿಲಿ ಟೈಸನ್ನರ ಆತ್ಮಕಥೆ: ಆಕರವಾಗಿ ಒಂದು ಪರಾಮರ್ಶೆ

ಅಮೆರಿಕದ ಪ್ರಖ್ಯಾತ ಕಪ್ಪು ನಟಿ ಸಿಸಿಲಿ ಟೈಸನ್ನರ ‘ಜಸ್ಟ್ ಆ್ಯಸ್ ಐ ಆ್ಯಮ್’ ಎಂಬ ಆತ್ಮಕಥೆಯು 2021ರ ಜನವರಿ 26ರಂದು ಪ್ರಕಟವಾಯಿತು. ಎರಡು ದಿನಗಳ ತರುವಾಯ, ತಮ್ಮ 96ನೆಯ ವಯಸ್ಸಿನಲ್ಲಿ, ಅವರು ಕಾಲವಾದರು. ಈ ಗ್ರಂಥವನ್ನು ಕುರಿತು ನಮ್ಮ ವಾಚಕ ಗೋಷ್ಠಿಯಲ್ಲಿ ಒಂದು ಸಂಜೆ ನಡೆದ ಚರ್ಚೆಯು ನಟಿಯ ಕೀರ್ತಿಯನ್ನು ಬೇಗನೆ ಬದಿಗಿರಿಸಿ, ಇತಿಹಾಸದ ವಿದ್ಯಾರ್ಥಿಗಳಿಗೆ ಸಹಜವಾದ ಪ್ರಶ್ನೆಯೊಂದರಲ್ಲಿ ನೆಲೆನಿಂತಿತು: ತನ್ನ ವಯಸ್ಸನ್ನೇ ಮರೆಮಾಚಿದ ಸಾಕ್ಷಿಯ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು?

ಟೈಸನ್ ಜನಿಸಿದುದು 1924ರಲ್ಲಿ, ನ್ಯೂಯಾರ್ಕಿನಲ್ಲಿ. ತಂದೆತಾಯಿಗಳು ಕೆರಿಬಿಯನ್ ಸಮುದ್ರದ ನೆವಿಸ್ ದ್ವೀಪದಿಂದ ವಲಸೆ ಬಂದವರು. ಆದರೆ ಆಕೆಯ ಜನ್ಮವರ್ಷವು ಬಹುಕಾಲ 1933 ಎಂದೇ ಅಚ್ಚಾಗುತ್ತಿತ್ತು. ಹದಿಹರೆಯದಲ್ಲೇ ತಾಯಿಯಾದ ಸಂಗತಿಯನ್ನು ಅವರು ವಿವರವಾಗಿ ಬರೆದುದೂ ಈ ಗ್ರಂಥದಲ್ಲಿಯೇ. ಗೋಷ್ಠಿಯಲ್ಲಿ ಕೆಲವರು ಇದನ್ನು ಸಾಕ್ಷಿಯ ದೋಷವೆಂದು ಗಣಿಸಿದರು. ನಾವು ಒಪ್ಪಲಾರೆವು. ತಿದ್ದಿದ ತೇದಿಯುಳ್ಳ ಶಾಸನವು ದೊರೆತಾಗ ನಾವು ಅದನ್ನು ಎಸೆಯುವುದಿಲ್ಲ. ತಿದ್ದಿದವರಾರು, ಏತಕ್ಕೆಂದು ಕೇಳುತ್ತೇವೆ. ಮೂವತ್ತರ ಆಸುಪಾಸಿನಲ್ಲಿ ನಟನೆಗಿಳಿದ ಕಪ್ಪು ಹೆಣ್ಣಿನಿಂದ ಆ ವೃತ್ತಿಯು ಒಳಬರುವಾಗಲೇ ವಸೂಲುಮಾಡಿದ ಸುಂಕವಿದು. ಸುಳ್ಳಾದ ಆ ಒಂಬತ್ತು ವರ್ಷಗಳು ಇತಿಹಾಸಕಾರನಿಗೆ ನಿಜವಾದ ದಾಖಲೆಯೇ ಸರಿ.

ಗ್ರಂಥದ ಕೊರತೆಯು ಬೇರೆಡೆ ಇದೆ. ಜಾಸ್ ಸಂಗೀತಗಾರ ಮೈಲ್ಸ್ ಡೇವಿಸರೊಡನೆ 1981ರಲ್ಲಿ ನಡೆದ ವಿವಾಹವನ್ನು ಕುರಿತ ಭಾಗದಲ್ಲಿ ಲೇಖನಿಯು ತೀರ ಮೃದುವಾಗುತ್ತದೆ. ಆತನ ವ್ಯಸನಗಳನ್ನು ಮುಚ್ಚಿಡದಿದ್ದರೂ ಅವುಗಳ ಕಾರಣವನ್ನು ಆತನ ಗಾಯಗಳಲ್ಲೇ ಅರಸುತ್ತದೆ. ಡೇವಿಸರಾದರೋ ತಮ್ಮ 1989ರ ಆತ್ಮಕಥೆಯಲ್ಲಿ ಆಕೆಗೆ ಅಂಥ ದಾಕ್ಷಿಣ್ಯವನ್ನೇನೂ ತೋರಿಲ್ಲ. ಎರಡನ್ನೂ ಎದುರುಬದುರಾಗಿ ಇರಿಸಿಕೊಳ್ಳದೆ ಆ ದಾಂಪತ್ಯವನ್ನು ಕುರಿತು ಬರೆಯಹೊರಡುವುದು ಅವಿವೇಕ. ಇದಕ್ಕಿಂತ ತಾಯಿಯನ್ನು ಕುರಿತ ಪುಟಗಳು ಎಷ್ಟೋ ಮಿಗಿಲು. ಪರರ ಮನೆಗಳಲ್ಲಿ ದುಡಿದು ಮಕ್ಕಳನ್ನು ಸಾಕಿದ ಆ ದೈವಭಕ್ತೆಯು, ನಟನೆಯನ್ನು ಪಾಪವೆಂದು ಬಗೆದು, ಮಗಳನ್ನು ಮನೆಯಿಂದ ಹೊರಗೆ ಕಳುಹಿದರು. ಅಲ್ಲಿ ಪ್ರೀತಿಯೂ ದೂರೂ ಒಂದನ್ನೊಂದು ಅಳಿಸುವುದಿಲ್ಲ.

ಆಕೆಗೆ ಎರಡು ಎಮ್ಮಿ ಪ್ರಶಸ್ತಿಗಳನ್ನು ತಂದ 1974ರ ದೂರದರ್ಶನ ಚಿತ್ರದ ಹೆಸರು ‘ದಿ ಆಟೊಬಯಾಗ್ರಫಿ ಆಫ್ ಮಿಸ್ ಜೇನ್ ಪಿಟ್‌ಮನ್’ ಎಂಬುದನ್ನು ಇಲ್ಲಿ ನೆನೆಯಬೇಕು. ಗುಲಾಮಳಾಗಿ ಹುಟ್ಟಿ, ಪೌರಹಕ್ಕುಗಳ ಹೋರಾಟವನ್ನು ಕಾಣುವವರೆಗೆ ಬದುಕಿದ, ಸುಮಾರು 110 ವರ್ಷದ ಮುದುಕಿಯ ಪಾತ್ರವದು. ಹೆಸರಿಗೆ ಆತ್ಮಕಥೆಯಾದರೂ ಮೂಲವು ಅರ್ನೆಸ್ಟ್ ಗೇನ್ಸರು 1971ರಲ್ಲಿ ಪ್ರಕಟಿಸಿದ ಕಾದಂಬರಿ. ಜೇನಳನ್ನು ನಿಜವಾಗಿ ಬಾಳಿದವಳೆಂದೇ ನಂಬಿದ ಓದುಗರು ಅನೇಕರು. ಕಾದಂಬರಿಯಲ್ಲಿ ಮುದುಕಿಯ ಮಾತನ್ನು ಧ್ವನಿಮುದ್ರಿಸಿಕೊಳ್ಳುವವನು ಇತಿಹಾಸದ ಅಧ್ಯಾಪಕ. ಚಿತ್ರದಲ್ಲಿ ಆತನನ್ನು ಪತ್ರಕರ್ತನನ್ನಾಗಿ ಮಾಡಿದರು. ನಮ್ಮ ವೃತ್ತಿಯವರು ತೆರೆಗೆ ಸಲ್ಲರೆಂದು ತೋರುತ್ತದೆ!

ಆ ಕಲ್ಪಿತ ಅಧ್ಯಾಪಕನು, ಮುದುಕಿಯು ಮರೆತೆಡೆಯಲ್ಲಿ ಇತರರು ಕಥೆಯನ್ನು ಮುಂದುವರಿಸಿದರೆಂದು ಪೀಠಿಕೆಯಲ್ಲಿಯೇ ತಿಳಿಸುತ್ತಾನೆ. ಟೈಸನ್ನರ ಗ್ರಂಥದ ಮೇಲೆ ಸಹಲೇಖಕಿ ಮಿಷೆಲ್ ಬರ್ಫರ್ಡರ ಹೆಸರೂ ಉಂಟು. ಆದರೆ ಯಾವ ವಾಕ್ಯವು ನಟಿಯದು, ಯಾವುದು ಸಹಲೇಖಕಿಯದೆಂದು ಬೇರ್ಪಡಿಸುವುದು, ಅಂದಿನ ಸಂಜೆ ಎಷ್ಟು ಪ್ರಯತ್ನಿಸಿದರೂ, ನಮ್ಮಿಂದಾಗಲಿಲ್ಲ.